ದಡದಿಂದ ಎರಡು ಗೆರೆ

ನರಸಿಂಹರಾಜಪುರದಲ್ಲಿ ನನ್ನ ಕ್ಯಾಮೆರಾದ ಮುಂದೆ ಕೂರದವರು ಯಾರೂ ಇಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು. ಮದುವೆ ಗೊತ್ತಾದವರು, ಪರೀಕ್ಷೆಗೆ ಕಟ್ಟಿದವರು, ಪಾಸ್‌ಪೋರ್ಟಿಗೆ ಓಡಿ ಬಂದವರು, ಹಾಸಿಗೆ ಹಿಡಿದವರನ್ನು ಕೂಡ ದಿಂಬು ಒತ್ತರಿಸಿ ಕೂರಿಸಿ ತೆಗೆದಿದ್ದೇನೆ. ಕಳೆದ ತಿಂಗಳು ಆ ಜಂಬ ಇಳಿಯಿತು. ಶೃಂಗೇರಿ ಕಡೆಯ ಬೇಗಾರಿನಿಂದ ಬಂದವರೊಬ್ಬರು ಬೆಂಚಿನ ಮೇಲೆ ಕೂತು, ಬೆವರು ಒರೆಸಿಕೊಂಡು, "ನಮ್ಮ ಚಿಕ್ಕಪ್ಪ ಹೋದ್ರು. ಹನ್ನೆರಡನೇ ದಿನಕ್ಕೆ ಒಂದು ಫೋಟೋ ಇಡ್ಬೇಕಿತ್ತು. ಮನೇಲಿ ಒಂದೂ ಇಲ್ಲೆ. ನಿಮ್ಮ ಹತ್ರ ಇರ್ತು ಅಂದ್ರು" ಎಂದರು.

ನಾನು ಕಪಾಟು ತೆರೆದೆ. ಅವರ ಚಿಕ್ಕಪ್ಪನ ಹೆಸರಿನ ಡಬ್ಬಿಗಳು ಎಂಟೋ ಒಂಬತ್ತೋ ಇದ್ದವು. ಎಲ್ಲದರಲ್ಲೂ ಚಿತ್ರಗಳೇ. ಬೂದು, ಕಪ್ಪು, ನಡುವೆ ಬೆಳ್ಳನೆಯ ಮೋಡ.

"ಇದೆಂತ ಇದು?" ಎಂದರು ಬಂದವರು.

"ಸಮುದ್ರ."

"ಚಿಕ್ಕಪ್ಪ ಎಲ್ಲಿ ಇದರಲ್ಲಿ?"

ಆರು ವರ್ಷ ದಿನಾ ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಇಳಿದ ಮನುಷ್ಯ. ಒಂದು ಸಲವೂ ಅವರನ್ನು ದೀಪದ ಮುಂದೆ ಕೂರಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಬಂದವರು ಬರಿಗೈಯಲ್ಲಿ ಶೃಂಗೇರಿ ಬಸ್ಸು ಹತ್ತಿದರು. ಫೋಟೋ ಇಲ್ಲದಿದ್ದರೆ ಹೋಗಲಿ, ಬಾಯಲ್ಲಾದರೂ ಅವರನ್ನು ತೆಗೆಯೋಣ ಎಂದು ಈಗ ಕೂತಿದ್ದೇನೆ.

ಹೆಸರು ಬೇಡ. ಊರಿನಲ್ಲಿ ವೈರ್‌ಲೆಸ್ ಭಟ್ರು ಎಂದರೆ ಸಾಕಿತ್ತು. ಉದ್ದನೆಯ ಆಳು, ತೆಳ್ಳಗೆ, ನಡೆಯುವಾಗ ಎಡಗಿವಿ ಮೊದಲು, ಉಳಿದ ಮೈ ಹಿಂದಿನಿಂದ ಎಂಬಂಥ ನಡಿಗೆ. ಯಾರಾದರೂ ಮಾತಾಡಿಸಿದರೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಹೂಂ ಎನ್ನುವ ಅಭ್ಯಾಸವಿಲ್ಲ. ಮಾತು ಮುಗಿದ ಮೇಲೆ ಒಂದು ಕ್ಷಣ ಬಿಟ್ಟು, ವೈರ್‌ಲೆಸ್ಸಿನಲ್ಲಿ ಸಂದೇಶ ತಲುಪಿತು ಎನ್ನುವ ಹಾಗೆ, "ಮುಟ್ತು" ಎನ್ನುವರು. ಹಾಲು ಖಾಲಿ ಎಂದರೂ ಮುಟ್ತು, ಯಾರಿಗೋ ಗಂಡುಮಗು ಹುಟ್ಟಿತು ಎಂದರೂ ಮುಟ್ತು. ಮೂಲೆ ಹೋಟೆಲಿನವರು ಒಮ್ಮೆ ತಮಾಷೆಗೆ, "ಭಟ್ರೇ, ನಿಮಗೆ ಬೈದರೂ ಮುಟ್ತದಾ?" ಎಂದು ಕೇಳಿದ್ದರು. ಭಟ್ರು ಕಣ್ಣು ಮುಚ್ಚಿ, ಯೋಚಿಸಿ, "ಬೈದದ್ದು ಮೊದಲು ಮುಟ್ತದೆ ಮಾರಾಯ" ಎಂದರು.

ಹುಟ್ಟಿದ್ದು ಬೇಗಾರಿನಲ್ಲಿ. ಚಿಕ್ಕಂದಿನಲ್ಲಿ ಶೃಂಗೇರಿಯಲ್ಲಿ ವೇದ ಕಲಿಯಲು ಹಾಕಿದ್ದರಂತೆ. ಕಿವಿ ಚುರುಕು, ಒಮ್ಮೆ ಕೇಳಿದ್ದು ಮರೆಯುತ್ತಿರಲಿಲ್ಲವಂತೆ. ಆದರೆ ತುಂಗೆಯ ದಡದಲ್ಲಿ ಯಾರದೋ ರೇಡಿಯೋ ಕೇಳಿದ ಮೇಲೆ ಹುಡುಗ ಕೈತಪ್ಪಿದ. ಮನೆಯವರ ಮಾತು ಮೀರಿ ವೈರ್‌ಲೆಸ್ ಕೆಲಸ ಕಲಿತು, ದೇಶದ ತೆಂಕಣ ತುದಿಯಲ್ಲಿ ನಮಗೂ ಸಿಂಹಳಕ್ಕೂ ನಡುವೆ ಇರುವ ಜಲಸಂಧಿಯ ದಡದ ಒಂದು ವೈರ್‌ಲೆಸ್ ಠಾಣೆಯಲ್ಲಿ ಹನ್ನೆರಡು ವರ್ಷ ಕೂತರು. ಹಡಗುಗಳಿಗೆ ಗಾಳಿ ಎಷ್ಟು, ಅಲೆ ಎಷ್ಟು ಎಂದು ಹೇಳುವ ಕೆಲಸ. ಒಂದು ದಿನ ಅದನ್ನೂ ಬಿಟ್ಟು ಬಂದರು. ಬೇಗಾರಿನ ಮನೆಗೆ ಹೋಗದೆ ನಮ್ಮೂರಿನಲ್ಲಿ, ನನ್ನ ಸ್ಟುಡಿಯೋ ಎದುರಿನ ಮಹಡಿ ಕೋಣೆ ಹಿಡಿದು ರೇಡಿಯೋ ರಿಪೇರಿಗೆ ಕೂತರು. ಯಾಕೆ ಬಿಟ್ಟಿರಿ ಎಂದು ಕೇಳಿದವರಿಗೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಅದೊಂದು ಪ್ರಶ್ನೆ ಮಾತ್ರ ಮುಟ್ಟುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಅವರ ಮಹಡಿಯಿಂದ ಒಂದು ಸದ್ದು ಬಂತು. ಟಿಕ್, ಟಾಕ್. ಟಿಕ್, ಟಾಕ್. ಮೊದಲು ರೇಡಿಯೋದ ಸರಸರ, ಅದರೊಳಗಿಂದ ಎಲ್ಲೋ ದೂರದ ಗಡಿಯಾರ. ಗಡಿಯಾರ ಹತ್ತಿರ ಬಂತು, ನಮ್ಮ ನೆತ್ತಿಯ ಮೇಲೆ ನಿಂತ ಹಾಗೆ ಗಟ್ಟಿಯಾಯಿತು, ಮತ್ತೆ ಅದೇ ಸಾವಕಾಶದಲ್ಲಿ ಹಿಂದೆ ಸರಿದು ಆ ಸರಸರದಲ್ಲಿ ಮುಳುಗಿಹೋಯಿತು. ಎಲ್ಲ ಸೇರಿ ಹದಿನೈದು ನಿಮಿಷ ಕೂಡ ಇಲ್ಲ. ಹೋಟೆಲಿನವರು ದೋಸೆ ಹುಯ್ಯುವ ಕೈ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ನನ್ನ ಹೆಂಡತಿ ಸೆರಗು ತಲೆಗೆಳೆದುಕೊಂಡು, "ಯಾರ ಲೆಕ್ಕ ಎಣಿಸ್ತಾ ಇದೆ ರೀ ಅದು?" ಎಂದಳು. "ಸುಮ್ನಿರೇ" ಎಂದೆ. ನನಗೂ ಮೈ ಜುಮ್ಮೆಂದಿತ್ತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಭಟ್ರು ಕಪ್ಪು ಬಟ್ಟೆಯಲ್ಲಿ ಸುತ್ತಿದ ಏನನ್ನೋ ಹಿಡಿದು ಬಂದರು. "ಇಕ್ಬಾಲ, ಇದನ್ನು ತೊಳೆದು ಕೊಡ್ತೀಯಾ? ಬೆಳಕು ತೋರಿಸಬೇಡ."

ಅವರ ಯಂತ್ರವನ್ನು ಆಮೇಲೆ ನೋಡಿದೆ. ಹಂಚಿನ ಮೇಲೆ ಅಲ್ಯುಮಿನಿಯಂ ಕಡ್ಡಿಗಳನ್ನು ಅಡ್ಡಡ್ಡ ಕಟ್ಟಿದ ಏರಿಯಲ್. ಒಳಗೆ ತಾವೇ ಕೂರಿಸಿದ ರಿಸೀವರ್. ಅದರ ಪಕ್ಕ ಗ್ರಾಮೊಫೋನಿನ ಮೋಟಾರಿಗೆ ಸಿಕ್ಕಿಸಿದ ಬಿಸ್ಕತ್ತಿನ ಡಬ್ಬಿ. ಡಬ್ಬಿಗೆ ಫೋಟೋ ಕಾಗದ ಸುತ್ತಿದೆ. ಆಕಾಶದಲ್ಲಿ ಹವಾಮಾನ ನೋಡುವ ಉಪಗ್ರಹವೊಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಮ್ಮ ಮೇಲೆ ಹಾದುಹೋಗುತ್ತ ತಾನು ಕಂಡದ್ದನ್ನು ಸದ್ದು ಮಾಡಿ ಕೆಳಗೆ ಸುರಿಯುತ್ತದೆ. ಸದ್ದು ಏರಿಳಿದ ಹಾಗೆ ಒಂದು ಸಣ್ಣ ಬಲ್ಬು ಉರಿದು ಮಂಕಾಗುತ್ತದೆ, ತಿರುಗುವ ಕಾಗದದ ಮೇಲೆ ಒಂದೊಂದೇ ಗೆರೆ ಬರೆಯುತ್ತದೆ. ಒಂದು ಗೆರೆ ಎಂದರೆ ಕೆಳಗೆ ನಾಲ್ಕು ಕಿಲೋಮೀಟರ್. ಅದು ಬೆಳಕನ್ನಷ್ಟೇ ಅಲ್ಲ, ಬಿಸಿ ತಂಪನ್ನೂ ನೋಡುತ್ತದೆ. ಬಿಸಿ ಕಪ್ಪಾಗಿ ಕಾಣುತ್ತದೆ, ತಂಪು ಬೆಳ್ಳಗೆ. ಇಷ್ಟನ್ನು ಅವರು ನನಗೆ ನಾಲ್ಕು ಸಲ ಹೇಳಬೇಕಾಯಿತು.

ಆ ಮೊದಲ ಕಾಗದ ನನ್ನ ಟ್ರೇಯಲ್ಲಿ ಮೂಡಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಕೆಂಪು ದೀಪದ ಕೆಳಗೆ ಅದುವರೆಗೆ ನನಗೆ ಎದುರಾದದ್ದು ಮದುಮಕ್ಕಳ ಮುಖ. ಅವತ್ತು ದೇಶದ ತುದಿಯೇ ಮೇಲೆದ್ದು ಬಂತು. ಪಕ್ಕದಲ್ಲಿ ಸಿಂಹಳದ ದ್ವೀಪ. ನಡುವೆ ಕಿರುಬೆರಳು ಅಗಲದ ಕಪ್ಪು ನೀರು.

"ಇಷ್ಟು ಸಾಕು" ಎಂದರು ಭಟ್ರು. "ಉಳಿದ ಜಗತ್ತು ನನಗೆ ಬೇಡ. ಈ ನೀರನ್ನು ದೊಡ್ಡದು ಮಾಡಿ ಕೊಡು."

ಊರು ಸುಮ್ಮನಿರುತ್ತದೆಯೇ? ಆಕಾಶದ ಜೊತೆ ಮಾತಾಡುವವರು ಎಂದು ಯಾರೋ ಕೊಪ್ಪದವರೆಗೆ ಸುದ್ದಿ ಮುಟ್ಟಿಸಿದರು. ಅಲ್ಲಿಂದ ಪೊಲೀಸರು ಕರೆಸಿದರು. ಒಬ್ಬರೇ ಹೋಗುವುದು ಬೇಡ ಎಂದು ನಾನೂ ಬಸ್ಸು ಹತ್ತಿದೆ. ಅಧಿಕಾರಿಗಳು ಒಳ್ಳೆಯವರು, ಕೂರಿಸಿ ಚಹಾ ತರಿಸಿದರು. "ಯಾವ ದೇಶದ್ದು ಸ್ವಾಮಿ ಅದು?"

"ಅಮೆರಿಕದ್ದು."

"ಅದರ ಹತ್ರ ಎಂತ ಮಾತಾಡ್ತೀರಿ?"

"ನಾನು ಮಾತಾಡೋದಿಲ್ಲ. ಅದು ಹೇಳ್ತದೆ, ನಾನು ಕೇಳ್ತೇನೆ. ಅದಕ್ಕೆ ನಾನು ಇದ್ದದ್ದೂ ಗೊತ್ತಿಲ್ಲ."

ಭಟ್ರು ಚೀಲದಿಂದ ಟೇಪ್‌ರೆಕಾರ್ಡರ್ ತೆಗೆದು ಆ ಸದ್ದನ್ನು ಹಾಕಿ ಕೇಳಿಸಿದರು. ಬಾಗಿಲ ಹತ್ತಿರ ನಿಂತಿದ್ದ ಕಾನ್‌ಸ್ಟೇಬಲ್ ಮೆಲ್ಲಗೆ ಹೊರಗೆ ಸರಿದ. ಸ್ವಲ್ಪ ಹೊತ್ತಿನ ನಂತರ ಅಧಿಕಾರಿಗಳು, "ನಿಲ್ಲಿಸಿ. ಸಾಕು. ನಿಮ್ಮ ಲೈಸೆನ್ಸ್ ಸರಿ ಇದೆ, ಹೋಗಿ ಬನ್ನಿ" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ನಾನು ನಗುತ್ತ, "ಅವರಿಗೇ ಹೆದರಿಕೆ ಆಯ್ತು ನೋಡಿ" ಎಂದೆ. ಭಟ್ರು ನಗಲಿಲ್ಲ. "ಹೆದರಬೇಕಾದ ಸದ್ದೇ ಅದು" ಎಂದರು.

ಅವರ ಕಥೆ ನನಗೆ ತಿಳಿದದ್ದು ಭದ್ರೆಯ ಹಿನ್ನೀರಿನಲ್ಲಿ. ಒಂದು ಚಳಿಗಾಲದ ಬೆಳಿಗ್ಗೆ ಬಕೆಟ್ಟು, ಥರ್ಮಾಮೀಟರು, ನೋಟುಬುಕ್ಕು ಹಿಡಿದು ದೋಣಿಯವನನ್ನು ಗೊತ್ತು ಮಾಡಿ ನನ್ನನ್ನೂ ಹತ್ತಿಸಿಕೊಂಡರು. ಅಲ್ಲಲ್ಲಿ ನೀರು ಸೇದಿ ಬಿಸಿ ನೋಡುವುದು, ಬರೆಯುವುದು. ಕಣ್ಣಿಗೆ ಒಂದೇ ನೀರು. ಆದರೆ ಹತ್ತು ಮಾರು ಆಚೆಗೆ ಬೇರೆ, ಇನ್ನೊಂದು ಹತ್ತು ಮಾರಿಗೆ ಬೇರೆ. "ಬಿಸಿ ನೀರು, ತಣ್ಣೀರು ಹತ್ತಿರ ಹತ್ತಿರ ಇದ್ದರೂ ಬೇಗ ಬೆರೆಯೋದಿಲ್ಲ ಇಕ್ಬಾಲ. ಅದಕ್ಕೇ ಮೇಲಿಂದ ನೋಡಿದರೆ ಯಾವ ನೀರು ಎಲ್ಲಿಂದ ಎಲ್ಲಿಗೆ ಹೊರಟಿದೆ ಗೊತ್ತಾಗ್ತದೆ" ಎಂದರು. ಒಂದು ಕಡೆ ಬಕೆಟ್ಟು ಇಳಿಸಿದಾಗ ದೋಣಿಯವನು ಹುಟ್ಟು ಎತ್ತಿಬಿಟ್ಟ. ಯಾಕಪ್ಪಾ ಎಂದರೆ, "ಕೆಳಗೆ ನಮ್ಮ ಮನೆ ಸ್ವಾಮಿ. ಬಾವಿ ಇಲ್ಲೇ ಎಲ್ಲೋ ಇತ್ತು" ಎಂದ. ಅವನು ಹೇಳಿದ್ದು ಮಾಮೂಲಿ ಧ್ವನಿಯಲ್ಲಿ. ಅಣೆಕಟ್ಟೆ ಬಂದಾಗ ಮುಳುಗಿದ ಊರಿನವನು. ಭಟ್ರು ಎಳೆಯುತ್ತಿದ್ದ ಹಗ್ಗವನ್ನು ಹಾಗೇ ಹಿಡಿದು ಕೂತರು. ಆಮೇಲೆ, ಕೇಳದೆಯೇ, ಹೇಳಿದರು.

ಅವರು ಠಾಣೆಯಲ್ಲಿದ್ದ ಕಾಲದ ಒಂದು ಅಕ್ಟೋಬರ್, ಮೂರನೇ ವಾರ. ಜಲಸಂಧಿಯ ಆಚೆ ದಡದಿಂದ ಒಂದು ಲಾಂಚು ಹೊರಟಿತ್ತು, ಹನ್ನೊಂದು ಜನ. ಈಚೆ ದಡ ಮುಟ್ಟಲಿಲ್ಲ. ಬಿರುಗಾಳಿ ಇಲ್ಲ, ಮಳೆ ಇಲ್ಲ, ಸಮುದ್ರ ಎಣ್ಣೆ ಹುಯ್ದ ಹಾಗೆ ಇತ್ತು. ಎಂಜಿನ್ ಕೆಟ್ಟು ಎಲ್ಲೋ ತೇಲುತ್ತಿರಬೇಕು. ಎತ್ತ ಹುಡುಕುವುದು? ಮೇಲಿನವರು ಭಟ್ರನ್ನು ಕೇಳಿದರು. ಆ ನೀರು ವರ್ಷದ ಅರ್ಧ ಉತ್ತರಕ್ಕೆ ಹರಿಯುತ್ತದೆ, ಅರ್ಧ ದಕ್ಷಿಣಕ್ಕೆ. ಅಕ್ಟೋಬರು ಅದು ಹೊರಳುವ ತಿಂಗಳು. ಹೊರಳಿಯಾಗಿದೆಯೋ ಇನ್ನೂ ಇಲ್ಲವೋ ಎಂದು ಕಂಡವರಿಲ್ಲ. ಭಟ್ರು ಗಾಳಿ ನೋಡಿದರು, ಪುಸ್ತಕ ನೋಡಿದರು, "ದಕ್ಷಿಣ" ಎಂದರು. ಸರ್ಕಾರದ ದೋಣಿಗಳೆಲ್ಲ ದಕ್ಷಿಣಕ್ಕೆ ಹೋದವು. ನಾಲ್ಕು ದಿನ ಹುಡುಕಿದರು. ಒಂದು ಹಲಗೆ ಕೂಡ ಸಿಗಲಿಲ್ಲ.

"ನಾನು ಹೇಳಿದ್ದು ತಪ್ಪಾಗಿದ್ರೆ," ಎಂದರು ಭಟ್ರು, "ಅವರು ಉತ್ತರದಲ್ಲಿ ಬದುಕಿಕೊಂಡು ತೇಲ್ತಾ ಇದ್ರು. ನಾನು ಹುಡುಕುವವರನ್ನು ತೆಂಕಕ್ಕೆ ಅಟ್ಟಿದೆ. ಕುಡಿಯೋ ನೀರಿಲ್ಲದೆ ಎಷ್ಟು ದಿನ ಕಾದರೋ. ಸರಿಯಾಗಿದ್ರೆ ನನ್ನ ತಪ್ಪಿಲ್ಲ, ಸಮುದ್ರದ್ದು. ಎರಡರಲ್ಲಿ ಯಾವುದು ಅಂತ ಗೊತ್ತಾಗ್ಬೇಕು ಮಾರಾಯ. ಅಷ್ಟೇ. ಗೊತ್ತಾಗದೆ ನಾನು ಸಾಯೋ ಹಾಗಿಲ್ಲ."

ಆ ವರ್ಷದ ಚಿತ್ರ ಸಿಗುವಂತಿರಲಿಲ್ಲ. ಆದರೆ ಪ್ರತಿ ವರ್ಷ ಅದೇ ವಾರದಲ್ಲಿ ನೀರು ಏನು ಮಾಡುತ್ತದೆ ಎಂದು ನೋಡುತ್ತ ಹೋದರೆ, ಹತ್ತರಲ್ಲಿ ಎಂಟು ವರ್ಷ ಉತ್ತರವೋ ದಕ್ಷಿಣವೋ ಒಂದೇ ಕಡೆಗೆ ಹರಿದದ್ದು ತಿಳಿದರೆ, ಆ ವರ್ಷವೂ ಹಾಗೇ ಇತ್ತು ಎನ್ನಬಹುದು. ಇದು ಅವರ ತರ್ಕ. ಅದಕ್ಕಾಗಿ ಆ ಏರಿಯಲ್, ಆ ಬಿಸ್ಕತ್ತಿನ ಡಬ್ಬಿ, ನಾನು.

ಇದಾದ ಮೇಲೆ ಅವರ ಮಹಡಿ ಮೆಟ್ಟಿಲು ಹತ್ತುವಾಗ ನಾನು ತುಸು ಕೆಮ್ಮಿಕೊಂಡು ಹೋಗುತ್ತಿದ್ದೆ. ಕಾರಣವಿದೆ. ಒಂದು ಬೆಳಿಗ್ಗೆ ಸದ್ದಿಲ್ಲದೆ ಹತ್ತಿದಾಗ ಒಳಗಿನಿಂದ ಮಂತ್ರ ಕೇಳಿತು. ಬಾಗಿಲ ಬಳಿ ನಿಂತು ಕಿವಿಗೊಟ್ಟರೆ ಮಂತ್ರವಲ್ಲ. "ಮುನಿಯಾಂಡಿ ಸೆಲ್ವಂ, ಸೆಲ್ವಂ ಮುನಿಯಾಂಡಿ, ಮುನಿಯಾಂಡಿ ಸೆಲ್ವಂ. ಸೆಲ್ವಂ ಕಾತಾಯಿ, ಕಾತಾಯಿ ಸೆಲ್ವಂ, ಸೆಲ್ವಂ ಕಾತಾಯಿ." ಶೃಂಗೇರಿಯಲ್ಲಿ ವೇದದ ಒಂದು ಪದವೂ ಜಾರಬಾರದೆಂದು ಮುಂದೆ ಹಿಂದೆ ಹೆಣೆದು ಹೇಳಿಸುತ್ತಿದ್ದರಂತೆ. ಅದೇ ಧಾಟಿಯಲ್ಲಿ, ಅದೇ ಸ್ವರದಲ್ಲಿ, ಹನ್ನೊಂದು ಹೆಸರುಗಳನ್ನು ಹೆಣೆಯುತ್ತಿದ್ದರು. ಮೈ ತೂಗುತ್ತಿತ್ತು. ಹನ್ನೊಂದನೆಯ ಹೆಸರು ಮುಗಿದ ಮೇಲೆ ನಿಲ್ಲಿಸಿ, ಯಾರೋ ಉತ್ತರ ಕೊಡುವರೆಂಬಂತೆ ಎಡಗಿವಿ ಮುಂದೆ ಮಾಡಿ ಕೂತರು. ನಾನು ಹಿಂದೆ ಹೆಜ್ಜೆ ಇಟ್ಟು ಕೆಳಗಿಳಿದೆ. ಅವತ್ತು ಅಂಗಡಿಯಲ್ಲಿ ಒಂದು ಮಗುವಿನ ಫೋಟೋ ತೆಗೆಯುವಾಗ ಎರಡು ಫಿಲ್ಮು ಹಾಳಾಯಿತು.

ನನ್ನ ಕೆಲಸವನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಪಾಪ ಅಲ್ಲೇ ಇದೆ. ಭಟ್ರ ಕಾಗದದಲ್ಲಿ ಸಮುದ್ರವೆಲ್ಲ ಒಂದೇ ಬೂದು. ಒಂದೆರಡು ಡಿಗ್ರಿ ವ್ಯತ್ಯಾಸ ಬರಿಗಣ್ಣಿಗೆ ಕಾಣುವುದಿಲ್ಲ. ನಾನು ಅದನ್ನು ಫಿಲ್ಮಿಗೆ ತೆಗೆದು, ಕಪ್ಪು ಬಿಳುಪನ್ನು ಎಳೆದು ತೋರಿಸುವ ಹಾರ್ಡ್ ಕಾಗದದ ಮೇಲೆ ದೊಡ್ಡದು ಮಾಡುತ್ತಿದ್ದೆ. ಆಗ ನೋಡಬೇಕು! ಜುಲೈ ಆಗಸ್ಟಿನಲ್ಲಿ ದಕ್ಷಿಣದಿಂದ ತಣ್ಣನೆಯ ಬೆಳ್ಳನೆಯ ನಾಲಗೆಯೊಂದು ಜಲಸಂಧಿಯೊಳಗೆ ಚಾಚುತ್ತ ಹೋಗುವುದು, ಡಿಸೆಂಬರಿನಲ್ಲಿ ಬಡಗಣ ನೀರು ಕೆಳಗಿಳಿಯುವುದು, ಎಲ್ಲ ಸ್ಪಷ್ಟ. ಭಟ್ರು ಸ್ಟೀಲ್ ಸ್ಕೇಲು ಇಟ್ಟು ಅಳೆಯುವರು, ಬರೆಯುವರು. ಆದರೆ ಬೇಕಾದ ಆ ಒಂದು ವಾರ ಮಾತ್ರ ಕೈಕೊಡುತ್ತಿತ್ತು. ಆ ವಾರದ ಪ್ರಿಂಟುಗಳಲ್ಲಿ ಯಾವ ನಾಲಗೆಯೂ ಯಾವ ಕಡೆಗೂ ಚಾಚುತ್ತಿರಲಿಲ್ಲ. "ಮುಂದಿನ ವರ್ಷ ನೋಡೋಣ" ಎನ್ನುವರು. ಮೂರು ವರ್ಷ, ನಾಲ್ಕು ವರ್ಷ. ಮುಖ ಇಳಿಯುತ್ತ ಹೋಯಿತು. ಪ್ರತಿ ವರ್ಷ ಆ ವಾರ ಕಳೆದ ಮೇಲೆ ಲಾಂಚು ನಡೆಸುತ್ತಿದ್ದವನ ಹೆಂಡತಿಗೆ ಒಂದು ಕಾರ್ಡು ಬರೆದು ಹಾಕುತ್ತಿದ್ದರು: ನಿಮ್ಮವರನ್ನು ಹುಡುಕಲು ಕಳಿಸಿದ ದಿಕ್ಕು ಸರಿಯೋ ತಪ್ಪೋ, ಈ ವರ್ಷವೂ ತಿಳಿಯಲಿಲ್ಲ, ಕ್ಷಮಿಸಬೇಕು. ಉತ್ತರ ಒಮ್ಮೆಯೂ ಬರಲಿಲ್ಲ.

ಆರನೆಯ ಅಕ್ಟೋಬರು ಕಳೆದ ಮೇಲೆ, ಉತ್ತರದ ಬದಲು ಆ ಹೆಂಗಸೇ ಬಂದಳು.

ಬೇಸಿಗೆಯಲ್ಲಿ ಶೃಂಗೇರಿಗೆ ಯಾತ್ರೆ ಬಂದ ಬಸ್ಸಿನಲ್ಲಿ ಬಂದವಳು, ಜೊತೆಯವರು ತಂಗಿದಲ್ಲೇ ಉಳಿದಾಗ ಒಬ್ಬಳೇ ಕೊಪ್ಪದ ಮೇಲೆ ನಮ್ಮೂರಿಗೆ ಬಂದಿದ್ದಳು. ಐವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಕೈಯಲ್ಲಿ ಭಟ್ರ ಕಾರ್ಡುಗಳ ಕಟ್ಟು. ನಾನು ಚಿಕ್ಕವನಿದ್ದಾಗ ಅಣೆಕಟ್ಟೆ ಕೆಲಸದ ತಮಿಳರ ಕ್ಯಾಂಪಿನಲ್ಲಿ ಆಡಿ ಬೆಳೆದವನು. ಅವಳು ಆಡಿದ ಮಾತೆಲ್ಲ ನನಗೆ ಅರ್ಥವಾಯಿತು, ನಾನೇ ಅವಳನ್ನು ಭಟ್ರ ಮಹಡಿಗೆ ಕರೆದೊಯ್ದೆ. ಭಟ್ರು ಎದ್ದು ನಿಂತರು. ನಾನೇ ಸ್ಟೂಲು ಸರಿಸಿದೆ.

ಅವಳು ಕೂರಲಿಲ್ಲ. ಕಾರ್ಡುಗಳನ್ನು ಮೇಜಿನ ಮೇಲಿಟ್ಟಳು. "ಅಯ್ಯಾ, ಇದನ್ನು ನಿಲ್ಲಿಸಿ. ವರ್ಷಾ ವರ್ಷಾ ಆ ದಿನ ಮುಗೀತು ಅನ್ನೋವಷ್ಟರಲ್ಲಿ ನಿಮ್ಮ ಕಾಗದ ಬರ್ತದೆ. ನಮ್ಮವರು ನಿಮ್ಮ ಮಾತು ಕೇಳಲೇ ಇಲ್ಲ. ಸರ್ಕಾರದ ದೋಣಿ ತೆಂಕಕ್ಕೆ ಹೋಯ್ತು. ನನ್ನ ಮೈದುನಂದಿರು, ಕೇರಿಯ ಗಂಡಸರು, ಇದ್ದಬದ್ದ ದೋಣಿ ಎಲ್ಲ ತಗೊಂಡು ಅದೇ ಹೊತ್ತಿಗೆ ಬಡಗಕ್ಕೆ ಹೋದರು. ನಾಲ್ಕು ದಿನ. ದಡದಲ್ಲಿ ಒಂದು ಕಟ್ಟುಮರ ಉಳಿದಿರಲಿಲ್ಲ. ಎರಡು ಕಡೆಯೂ ಹುಡುಕಿ ಆಗಿದೆ. ಎರಡು ಕಡೆಯೂ ಏನೂ ಇರಲಿಲ್ಲ. ನಿಮ್ಮ ತಪ್ಪಿಲ್ಲ. ನನ್ನ ಗಂಡನನ್ನು ಇನ್ನು ಬಿಟ್ಟುಬಿಡಿ."

ನನ್ನ ಎದೆಯ ಭಾರ ಇಳಿಯಿತು. ಅಲ್ಲಾ, ಅಂತೂ ಈ ಮನುಷ್ಯನಿಗೆ ಬಿಡುಗಡೆ ಆಯ್ತಲ್ಲ ಎಂದುಕೊಂಡೆ. ಅವಳನ್ನು ಬಸ್ಸು ಹತ್ತಿಸಿ ಬಂದು ನೋಡಿದರೆ ಭಟ್ರು ನಿಂತಲ್ಲೇ ನಿಂತಿದ್ದರು.

"ಏನ್ ಭಟ್ರೇ, ಒಳ್ಳೆ ಸುದ್ದಿ ಅಲ್ವಾ ಇದು?"

"ಎರಡು ಕಡೆಯೂ ಇಲ್ಲ ಅಂದ್ರೆ," ಎಂದರು, "ಮತ್ತೆ ಎಲ್ಲಿದ್ರು ಇಕ್ಬಾಲ?"

ಮಾರನೆಯ ದಿನ ಏಳೂವರೆಗೆ ಆ ಟಿಕ್ ಟಾಕ್ ಕೇಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬೀದಿಯವರಿಗೆ ವಿಚಿತ್ರ ಕಸಿವಿಸಿ. ಇಷ್ಟು ವರ್ಷ ಅದನ್ನು ಬೈದವರೇ ಆ ಹೊತ್ತಿಗೆ ಒಮ್ಮೆ ತಲೆಯೆತ್ತಿ ನೋಡುವರು. ಭಟ್ರು ರೇಡಿಯೋ ರಿಪೇರಿಯನ್ನೂ ಬಿಟ್ಟರು. ಹೋಟೆಲಿಗೆ ಬಂದು ಕೂತು, ಇಡ್ಲಿ ತಟ್ಟೆ ಮುಂದಿಟ್ಟುಕೊಂಡು, ಮುಟ್ಟದೆ ಎದ್ದುಹೋಗುವರು. ಯಾರು ಏನು ಹೇಳಿದರೂ ಮುಟ್ತು ಎನ್ನುವುದು ನಿಂತುಹೋಯಿತು.

ನನಗೆ ಸುಮ್ಮನಿರಲಾಗಲಿಲ್ಲ. ಏನಾದರೊಂದು ಮಾಡಿ ಇವರ ಮುಖದಲ್ಲಿ ಜೀವ ತರಿಸಬೇಕು. ಹೊಳೆದದ್ದು ನನ್ನ ಕಸುಬಿನದೇ ಉಪಾಯ. ಸತ್ತ ಅಪ್ಪನನ್ನು ಮಕ್ಕಳ ಜೊತೆ ನಿಲ್ಲಿಸಿ ಕೊಡಿ ಎಂದು ಕೇಳಿಕೊಂಡು ಬರುವವರಿರುತ್ತಾರೆ. ಬೇರೆ ಬೇರೆ ಕಾಲದ ನೆಗೆಟಿವ್‌ಗಳನ್ನು ಒಂದೇ ಕಾಗದದ ಮೇಲೆ ಒಂದರ ನಂತರ ಒಂದು ಬೀಳಿಸಿ ಕೂಡಿಸುವುದರಲ್ಲಿ ನಾನು ಪಳಗಿದ ಕೈ. ಹಾಗೆಯೇ ಭಟ್ರ ಆರು ಅಕ್ಟೋಬರುಗಳನ್ನು ಒಂದೇ ಕಾಗದದ ಮೇಲೆ ಕೂಡಿಸಿದರೆ? ಮೋಡ ಒಂದೊಂದು ದಿನ ಒಂದೊಂದು ಕಡೆ, ಅದು ಕರಗಿಹೋಗುತ್ತದೆ. ಇದ್ದಲ್ಲೇ ಇರುವ ನೀರು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅವರ ಶ್ರಮಕ್ಕೆ ಒಂದು ನೆನಪು, ಕಟ್ಟು ಹಾಕಿಸಿ ಗೋಡೆಗೆ ಕೊಡೋಣ ಎಂದುಕೊಂಡೆ. ಉಪಗ್ರಹ ಒಂದು ದಿನ ಪೂರ್ವಕ್ಕೆ, ಒಂದು ದಿನ ಪಶ್ಚಿಮಕ್ಕೆ ಸರಿದು ಹೋಗುವುದರಿಂದ ಜಲಸಂಧಿ ಒಂದು ನೆಗೆಟಿವಿನಲ್ಲಿ ಮೂಲೆಯ ಹತ್ತಿರ, ಒಂದರಲ್ಲಿ ನಡುವೆ. ದಡವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಪ್ರತಿಯೊಂದನ್ನೂ ಆ ದಡಕ್ಕೆ ಹೊಂದಿಸಿ ಬೆಳಕು ಕೊಟ್ಟೆ. ಕಾಗದವನ್ನು ಟ್ರೇಗೆ ಇಳಿಸಿದೆ.

ದಡ ಮೂಡಿತು. ಕಪ್ಪು ನೀರು ಮೂಡಿತು. ನೀರಿನ ನಡುವೆ, ಈಚೆ ದಡಕ್ಕೆ ಹತ್ತಿರ, ಒಂದು ದುಂಡನೆಯ ಬೆಳ್ಳನೆಯ ಕಲೆ.

ಥೂ, ಇದೊಂದು ಎಂದು ಹೆಬ್ಬೆರಳಿನಿಂದ ಒತ್ತಿ ಒರೆಸಿದೆ. ಹೋಗಲಿಲ್ಲ. ಆಮೇಲೆ ಆ ಬೆರಳನ್ನೇ ನೋಡುತ್ತ ನಿಂತೆ. ಆ ಕಲೆ ನನಗೆ ಹೊಸದಲ್ಲ. ಪ್ರತಿ ಅಕ್ಟೋಬರಿನ ಪ್ರಿಂಟಿನಲ್ಲೂ ಅದು ಇರುತ್ತಿತ್ತು. ನೀರು ಒಣಗುವಾಗ ಕಾಗದದ ಮೇಲೆ ಹೀಗೇ ದುಂಡನೆಯ ಗುರುತು ಉಳಿಯುವುದುಂಟು. ನನ್ನ ಗಿರಾಕಿಗಳಿಗೆ ಅಂಥದನ್ನು ನಾನು ತೋರಿಸುವವನಲ್ಲ. ಮದುಮಗಳ ಮುಖದ ಸಿಡುಬಿನ ಕಲೆ ಅಳಿಸುವ ಅದೇ ಸಣ್ಣ ಕುಂಚದಿಂದ, ಅದೇ ಕಪ್ಪು ಬಣ್ಣದಿಂದ, ಚುಕ್ಕಿ ಚುಕ್ಕಿ ಇಟ್ಟು ಅದನ್ನು ಮುಚ್ಚಿ, ಭಟ್ರಿಗೆ ಶುದ್ಧವಾದ ಸಮುದ್ರ ಕೊಡುತ್ತಿದ್ದೆ. ಅಷ್ಟು ನಾಜೂಕು ಕೆಲಸ ಈ ಮೂರು ತಾಲೂಕಿನಲ್ಲಿ ಇನ್ನೊಬ್ಬರು ಮಾಡಲಾರರು ಎಂದು ಹೆಮ್ಮೆ ಬೇರೆ ಪಡುತ್ತಿದ್ದೆ.

ಟ್ರೇ ತೊಳೆದೆ. ಹೊಸ ಮದ್ದು ಕಲಸಿದೆ. ಇನ್ನೊಂದು ಪ್ಯಾಕಿನ ಕಾಗದ ತೆಗೆದು ಮತ್ತೆ ಮಾಡಿದೆ. ಅದೇ. ಟ್ರೇಯ ಕಲೆಯಾಗಿದ್ದರೆ, ಲೆನ್ಸಿನ ಕಲೆಯಾಗಿದ್ದರೆ ಕಾಗದದಲ್ಲಿ ಒಂದೇ ಜಾಗದಲ್ಲಿ ಬೀಳಬೇಕು. ಇದು ಆರು ನೆಗೆಟಿವ್‌ಗಳಲ್ಲಿ ಆರು ಕಡೆ ಇತ್ತು. ಸಮುದ್ರದಲ್ಲಿ ಒಂದೇ ಕಡೆ ಇತ್ತು. ಆ ಸಣ್ಣ ಕತ್ತಲೆ ಕೋಣೆಯಲ್ಲಿ ನನ್ನ ಹಿಂದೆ ಯಾರೋ ನಿಂತ ಹಾಗಾಗಿ, ಕಾಗದ ತೊಳೆಯುವುದನ್ನೂ ಬಿಟ್ಟು ಬಾಗಿಲು ತೆರೆದು ಬಿಸಿಲಿಗೆ ಬಂದೆ.

ಎರಡು ದಿನ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಆ ಹೆಂಗಸು ಕೂಡ ಬಿಟ್ಟುಬಿಡಿ ಎಂದು ಹೋಗಿದ್ದಾಳೆ, ಸುಡುಗಾಡು ಇದನ್ನು ಹರಿದು ಒಲೆಗೆ ಹಾಕು ಎಂದು ಮನಸ್ಸು ಹೇಳುತ್ತಿತ್ತು. ಆದರೆ ಬೀದಿಯ ಆಚೆ ಆ ಮನುಷ್ಯ ತಟ್ಟೆ ಮುಟ್ಟದೆ ಏಳುವುದು ಕಾಣುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಪ್ರಿಂಟು ಹಿಡಿದು ಮಹಡಿ ಹತ್ತಿದೆ.

"ಭಟ್ರೇ, ನನ್ನಿಂದ ಒಂದು ದೊಡ್ಡ ತಪ್ಪಾಗಿದೆ."

ಪೂರ್ತಿ ಹೇಳಿದೆ. ಅವರು ಕಣ್ಣು ಮುಚ್ಚಲಿಲ್ಲ. ಪ್ರಿಂಟನ್ನು ಮೇಜಿನ ಮೇಲೆ ಹರಡಿ, ಬಗ್ಗಿ, ಬಹಳ ಹೊತ್ತು ನೋಡಿದರು. ಸ್ಟೀಲ್ ಸ್ಕೇಲು ತೆಗೆದರು. ಗೆರೆ ಎಣಿಸಿದರು.

"ಎಂತ ಭಟ್ರೇ ಅದು?"

"ಸುಳಿ ಅಲ್ಲ. ಸುಳಿ ಅನ್ನೋವಷ್ಟು ಜೋರಿಲ್ಲ. ನೀರು ಉತ್ತರಕ್ಕೂ ಹೋಗದೆ ದಕ್ಷಿಣಕ್ಕೂ ಹೋಗದೆ ಅಲ್ಲೇ ಮೆಲ್ಲಗೆ ಸುತ್ತು ಬರ್ತಾ ಇದೆ. ಹೊರಳೋ ವಾರ ಅಲ್ವನಾ? ಅದಕ್ಕೆ ಹೋಗಲಿಕ್ಕೆ ಜಾಗ ಇಲ್ಲ."

"ಅದರಲ್ಲಿ ಒಂದು ಲಾಂಚು ಸಿಕ್ಕಿಕೊಂಡ್ರೆ?"

"ಅದೂ ಸುತ್ತುತ್ತದೆ."

"ದಡದಿಂದ ಎಷ್ಟು ದೂರ?"

"ಈಚೆ ಅಂಚು ಎರಡು ಗೆರೆ. ಎಂಟು ಕಿಲೋಮೀಟರ್." ಸ್ಕೇಲಿನ ತುದಿಯನ್ನು ದಡದ ಮೇಲೆ ಒಂದು ಕಡೆ ಇಟ್ಟರು. "ಇಲ್ಲಿ ನಮ್ಮ ಠಾಣೆ. ಸರೀ ಎದುರಿಗೆ."

ಕೆಳಗೆ ಬೀದಿಯಲ್ಲಿ ಕೊಪ್ಪದ ಬಸ್ಸು ಹಾರ್ನ್ ಹೊಡೆಯುತ್ತ ನಿಂತಿತ್ತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ, ನನಗೆ ಎಷ್ಟೋ ಸುಖವಾಗುತ್ತಿತ್ತು.

"ನೀ ಎಂತಕೆ ಅದನ್ನ ಅಳಿಸಿದೆ?" ಎಂದು ಕೇಳಿದರು. ಸಿಟ್ಟಿನಿಂದ ಅಲ್ಲ. ನಿಜವಾಗಿ ತಿಳಿಯಬೇಕಿತ್ತು ಅವರಿಗೆ.

"ಕಲೆ ಅಂದ್ಕೊಂಡೆ ಭಟ್ರೇ. ನನ್ನ ಕೈಯಿಂದಲೇ ಆದ ಕಲೆ ಅಂತ."

"ನಾನೂ ಹಂಗೇ ಅಂದ್ಕಂಡೆ" ಎಂದರು.

ನನಗೆ ತಿಳಿಯಲಿಲ್ಲ. ಅವರು ಸ್ಕೇಲನ್ನು ಪ್ರಿಂಟಿನ ಮೇಲೆ ಹಾಗೇ ಬಿಟ್ಟು ಕೂತರು.

"ಲಾಂಚು ಬರದ ಎರಡನೇ ದಿನ. ಎಲ್ಲ ಹುಡುಕಲಿಕ್ಕೆ ಹೋಗಿದ್ರು, ಠಾಣೆಯಲ್ಲಿ ನಾನು, ಒಬ್ಬ ಕೆಲಸದವ, ಇಬ್ಬರೇ. ನನ್ನ ಮೇಜಿನ ಎದುರು ಸಮುದ್ರದ ಕಡೆಗೆ ದೊಡ್ಡ ಗಾಜಿನ ಕಿಟಕಿ. ಬೆಳಿಗ್ಗೆ ನೋಡಿದೆ, ಗಾಜಿನ ನಡುವೆ ಒಂದು ಕಪ್ಪು ಚುಕ್ಕಿ. ಉಪ್ಪುಗಾಳಿಗೆ ಏನೋ ಕೂತಿದೆ ಅಂತ ಅವನಿಗೆ ಹೇಳಿ ಒರೆಸಿಸಿದೆ. ಹೋಗ್ಲಿಲ್ಲ. ಹೊರಗಿಂದನೂ ಒರೆಸು ಅಂದೆ. ಪಾಪ, ಏಣಿ ಹಾಕ್ಕಂಡು ಒದ್ದೆ ಬಟ್ಟೇಲಿ ತಿಕ್ಕಿದ. ಸಂಜೆವರೆಗೂ ಇತ್ತು. ಸರಿಯಾಗಿ ಒರೆಸೋದಿಲ್ಲ ನೀನು ಅಂತ ಬೈದೆ ಅವನಿಗೆ. ಮಾರನೇ ದಿನ ಬೆಳಿಗ್ಗೆ ಬಂದು ನೋಡ್ತೇನೆ, ಗಾಜು ಸ್ವಚ್ಛ. ಅಂತೂ ಹೋತಲ್ಲ ಅಂತ ಸಮಾಧಾನ ಆತು ಮಾರಾಯ. ಅಲ್ಲೇ ಕೂತು ಕಾಫಿ ಕುಡ್ದೆ."